ಜ್ವರದ ದಿನ ಊಟ ಮಾಡಿದ ಹುಳುಗಳು

ರೇಷ್ಮೆ ಹುಳು ಸಾಕುವ ಮನೆಗೆ ನಮ್ಮ ಕಡೆ ಕಾವಲುಗಾರ ಇರುವುದಿಲ್ಲ. ಹೊಸ್ತಿಲ ಹತ್ತಿರ ಅಗಲವಾದ ಒಂದು ತಟ್ಟೆಯಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು ಇರುತ್ತದೆ, ಅಷ್ಟೇ. ಅದರಲ್ಲಿ ಪಾದ ಅದ್ದದೆ ಒಳಗೆ ಕಾಲಿಟ್ಟರೆ ತಹಶೀಲ್ದಾರರೇ ಆಗಲಿ, ಬೀಗರೇ ಆಗಲಿ, ಬೈಸಿಕೊಂಡೇ ಹೊರಗೆ ಬರಬೇಕು. ಇನ್ನೊಂದು ಹುಳುಮನೆಯಿಂದ ನೇರವಾಗಿ ಬಂದವರಿಗಂತೂ ಆ ಭಾಗ್ಯವೂ ಇಲ್ಲ. ಜಗಲಿಯಲ್ಲೇ ಕೂತು ಕಾಫಿ ಕುಡಿದು ಹೋಗಬೇಕು. ಹುಳುವಿನ ರೋಗ ಕಾಲಿನಲ್ಲಿ ಬರುತ್ತದೆ, ಬಟ್ಟೆಯಲ್ಲಿ ಬರುತ್ತದೆ, ಕೈಯಲ್ಲಿ ಬರುತ್ತದೆ ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ಗಾಳಿಯಲ್ಲಿ, ನಮ್ಮದೇ ಡಬ್ಬಿಯ ಹೆಸರು ಹೇಳಿಕೊಂಡು ಬರಬಹುದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನ್ನ ತಂಗಿಯ ಚಾಕಿ ಮನೆ ಮುಚ್ಚುವ ಹಂತಕ್ಕೆ ಬಂದು ನಿಂತದ್ದು ಅದರಿಂದಲೇ.

ಫೋನಿನಲ್ಲಿ ನನ್ನ ಬರಹ ಓದುವವರಿಗೆ ನಾನು ಅಡುಗೆ, ಬಸ್ಸಿನ ಜಗಳ, ಬೀಗರ ಊಟ ಇಷ್ಟರ ಬಗ್ಗೆ ಬಾಯಿ ಬಿಡುವ ಹೆಂಗಸು. ಹೊಟ್ಟೆಪಾಡಿಗೆ ನಾನು ಮಾಡುವುದೇ ಬೇರೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ಪ್ರೋಗ್ರಾಮ್ ತುಂಬಿ ಪರೀಕ್ಷೆ ಮಾಡುತ್ತೇನೆ. ಕೆಟ್ಟ ಬೋರ್ಡು ಒಳ್ಳೆಯದರ ಹಾಗೆ ನಟಿಸುವುದನ್ನು ದಿನವೂ ನೋಡುತ್ತೇನೆ. ಮನುಷ್ಯರಲ್ಲಿ ಅದನ್ನು ಕಂಡುಹಿಡಿಯುವುದು ಇನ್ನೂ ಸುಲಭ ಎಂದು ಆಮೇಲೆ ಗೊತ್ತಾಯಿತು.

ಚಾಕಿ ಮನೆ ಎಂದರೆ ಹುಳುವಿನ ಅಂಗನವಾಡಿ ಎಂದುಕೊಳ್ಳಿ. ಮೊಟ್ಟೆ ಒಡೆದು ಬಂದ ಹುಳು ಇರುವೆಗಿಂತ ನಾಜೂಕು. ಅದನ್ನು ಪ್ರತಿಯೊಬ್ಬ ರೈತನೂ ತನ್ನ ಮನೆಯಲ್ಲಿ ಸಂಭಾಳಿಸುವುದು ಕಷ್ಟ. ಹಾಗಾಗಿ ತಂಗಿಯಂಥವರು ಸುತ್ತಲ ಊರುಗಳ ರೈತರಿಗಾಗಿ ಮೊಟ್ಟೆಯನ್ನು ಒಂದೇ ಕಡೆ ಮರಿ ಮಾಡಿಸಿ, ಎಳೆ ಸೊಪ್ಪು ಕತ್ತರಿಸಿ ಹಾಕಿ, ಎರಡು ಜ್ವರ ದಾಟಿಸಿ ಕೊಡುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಚರ್ಮ ಬಿಡುವ ಮುಂಚೆ ಊಟ ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ‘ಜ್ವರಕ್ಕೆ ಕೂತವೆ’ ಅನ್ನುತ್ತಾರೆ. ಆ ದಿನ ಸೊಪ್ಪು ಹಾಕುವಂತಿಲ್ಲ. ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದುಬಿಡಬೇಕು. ಒಳಗೆ ತೇವ ಇದ್ದರೆ ಕೆಲವು ಹುಳು ಬೇಗ ಏಳುತ್ತವೆ, ಕೆಲವು ಮಲಗೇ ಇರುತ್ತವೆ, ಕೆಲವು ಏಳುವುದೇ ಇಲ್ಲ. ಹೀಗೆ ಏರುಪೇರಾದ ಹುಳು ತಂದುಕೊಂಡ ರೈತನ ಮನೆಯಲ್ಲಿ ಕೊನೆಗೆ ಅರ್ಧ ಹುಳು ಗೂಡು ಕಟ್ಟುತ್ತಿರುತ್ತವೆ, ಇನ್ನರ್ಧ ಸೊಪ್ಪಿಗೆ ಬಾಯಿ ತೆರೆದುಕೊಂಡಿರುತ್ತವೆ. ಬೆಳೆ ಹೋಯಿತು ಎಂದೇ ಲೆಕ್ಕ.

ಒಳಗಿನ ಶಾಖ, ತೇವ ನೋಡಿಕೊಳ್ಳಲು ತಂಗಿ ವೈರ್‌ಲೆಸ್ ಸೆನ್ಸರ್ ಹಾಕಿಸಿದ್ದಳು. ಮೂಲೆಮೂಲೆಗೆ ಒಂದೊಂದು ಡಬ್ಬಿ ತೂಗುತ್ತದೆ. ಅವೆಲ್ಲ ತಾವು ಕಂಡದ್ದನ್ನು ಗಾಳಿಯಲ್ಲಿ ಒಂದು ದೊಡ್ಡ ಡಬ್ಬಿಗೆ ಹೇಳುತ್ತವೆ. ಮನೆಯವರು ಅದಕ್ಕೆ ಯಜಮಾನ ಡಬ್ಬಿ ಎಂದು ಹೆಸರಿಟ್ಟಿದ್ದರು. ತೇವ ದಿಢೀರನೆ ಇಳಿಯಿತು ಎಂದು ಸುದ್ದಿ ಬಂದರೆ ಯಜಮಾನ ಡಬ್ಬಿ ಮಂಜು ಉಗುಳುವ ಯಂತ್ರ ಹಾಕುತ್ತದೆ, ಚಳಿ ಎಂದು ಬಂದರೆ ಹೀಟರ್ ಹಾಕುತ್ತದೆ. ಎಲ್ಲವೂ ಫೋನಿನಲ್ಲಿ ಗೆರೆಯಾಗಿ ಕಾಣುತ್ತದೆ. ಮೊದಲು ಕೊಟ್ಟ ಪ್ಲಾಸ್ಟಿಕ್ ಡಬ್ಬಿಗಳು ತೇವಕ್ಕೆ, ಸುಣ್ಣಕ್ಕೆ ಬಿರುಕು ಬಿಟ್ಟವು. ಆಗ ಚನ್ನಪಟ್ಟಣದ ಗೊಂಬೆ ಮಾಡುವ ಸಾಬರೊಬ್ಬರ ಹತ್ತಿರ ಹೋಗಿ ಮರದ ಡಬ್ಬಿ ಕಡೆಸಿದೆವು. ಸುತ್ತ ತೂತು, ಮೇಲೆ ಮುಚ್ಚಳ, ಮೈಗೆಲ್ಲ ಅರಗಿನ ಬಣ್ಣ. ನೋಡಿದವರು ಬುಗುರಿ ಯಾಕೆ ನೇತು ಹಾಕಿದ್ದೀರಿ ಎಂದು ಕೇಳುತ್ತಿದ್ದರು.

ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಒಂದರ ಹಿಂದೆ ಒಂದು ಎರಡು ಬಾರಿ ಹುಳು ಏರುಪೇರಾದವು.

ಕಬ್ಬಾಳು ಕಡೆಯ ರೈತರೆಲ್ಲರ ಪರವಾಗಿ ಮಾತಾಡುವ ಒಬ್ಬ ಹಿರಿಯರು ಬಂದು ತಂಗಿಯ ಜಗಲಿಯಲ್ಲಿ ಕೂತರು. ಆ ಹೊತ್ತು ನಾನೂ ಅಲ್ಲಿದ್ದೆ.

“ನೋಡವ್ವ, ಮೊದಲ್ನೇ ಸಲ ಹವಾ ಸರಿ ಇರ್ನಿಲ್ಲ ಅಂದೆ, ಒಪ್ಕಂಡ್ವಿ. ಎರಡನೇ ಸಲ ಸೊಪ್ಪಲ್ಲಿ ನೀರು ಜಾಸ್ತಿ ಅಂದೆ, ಅದ್ನೂ ಒಪ್ಕಂಡ್ವಿ. ಮೂರನೇ ಸಲಕ್ಕೆ ಏನ್ ಯೋಳ್ತೀಯ ಅಂತ ಈಗ್ಲೇ ಒಸಿ ಯೋಚ್ನೆ ಮಾಡಿ ಮಡಿಕ್ಕೊ.”

“ಮೂರನೇ ಸಲ ಹೇಳೋ ಹಂಗೆ ಆಗಲ್ಲ ಯಜಮಾನ್ರೇ,” ಅಂದಳು ತಂಗಿ.

“ಆಗ್ಬಾರ್ದು. ಆದ್ರೆ ನಾವೆಲ್ಲ ಆಚೆ ಊರಿನ ಗೌಡ್ರ ಚಾಕಿಗೇ ಓಯ್ತೀವಿ. ಬೇಜಾರ್ ಮಾಡ್ಕಬ್ಯಾಡ. ನಮ್ಗೂ ಮನೆ ಮಕ್ಳು ಅವ್ರೆ.”

ಆಚೆ ಊರಿನ ಗೌಡರದು ನಮ್ಮ ಕಡೆಗೆಲ್ಲ ದೊಡ್ಡ ಚಾಕಿ ಮನೆ. ತಂಗಿ ಶುರು ಮಾಡುವ ಮುಂಚೆ ಎಲ್ಲರೂ ಹುಳು ತರುತ್ತಿದ್ದುದು ಅಲ್ಲಿಂದಲೇ. ಕಬ್ಬಾಳು ಕಡೆಯವರು ಅತ್ತ ಹೋದರೆ ತಂಗಿಯ ಮನೆಯ ಟ್ರೇಗಳಿಗೆ ಹುಳು ಇರುವುದಿಲ್ಲ, ಹುಳು ಇಲ್ಲದ ಚಾಕಿ ಮನೆ ಗೋಡೌನು. ಗಂಡ ಬೆಳಿಗ್ಗೆ ಲಾರಿ ಹತ್ತಿದರೆ ವಾರಕ್ಕೆ ಬರುವವನು. ಈ ಮನೆಯನ್ನು ತಂಗಿ ಒಬ್ಬಳೇ ನಿಂತು ಎಬ್ಬಿಸಿದ್ದಳು. ಹಿರಿಯರು ಹೋದ ಮೇಲೆ ಅವಳು ಅಳಲಿಲ್ಲ. ಸೊಪ್ಪು ಕತ್ತರಿಸುವ ಚಾಕು ಮಸೆದಳು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು.

ಮೂರನೇ ಸಲದ ಹುಳು ಮೊದಲ ಜ್ವರಕ್ಕೆ ಕೂತದ್ದು ಒಂದು ಭಾನುವಾರ. ಚಾಕಿ ಮನೆಯವರಿಗೆ ನೆಂಟರು ಬರುವುದು ಜ್ವರದ ದಿನವೇ. ಮಿಕ್ಕ ದಿನ ಸೊಪ್ಪು ಬಿಟ್ಟರೆ ಮಾತಿಲ್ಲ. ಜ್ವರದ ದಿನ ಒಲೆಯ ಮೇಲೆ ನಾಟಿ ಕೋಳಿ ಇರುತ್ತದೆ. ನಾನು ಹೋಗಿದ್ದೆ. ತಂಗಿಯ ಅತ್ತೆ ಮುದ್ದೆ ತೊಳಸುತ್ತಿದ್ದರು. ತಂಗಿ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಳು. ಊಟಕ್ಕೆ ಇನ್ನೂ ಹೊತ್ತಿತ್ತು, ನಾನು ಅವಳ ಫೋನು ತೆಗೆದುಕೊಂಡು ಸುಮ್ಮನೆ ಹುಳುಮನೆಯ ಗೆರೆ ನೋಡುತ್ತಾ ಕೂತೆ.

ಗೆರೆ ಚೆನ್ನಾಗಿತ್ತು. ಅಲ್ಲೇ ನನಗೆ ಅನುಮಾನ ಬಂದದ್ದು.

ಸೊಪ್ಪು ಹಾಕುವಾಗ ಬಾಗಿಲು ತೆರೆಯುತ್ತಾರೆ, ಟ್ರೇ ಮೇಲಿನ ಮೇಣದ ಕಾಗದ ಎತ್ತುತ್ತಾರೆ. ಆಗ ಒಳಗಿನ ತೇವ ಒಂದಿಷ್ಟು ಇಳಿಯುತ್ತದೆ. ಗೆರೆಯಲ್ಲಿ ಅದು ಹಲ್ಲು ಕಚ್ಚಿದ ಹಾಗೆ ಒಂದು ತಗ್ಗಾಗಿ ಕಾಣುತ್ತದೆ. ಪ್ರತಿ ಊಟಕ್ಕೂ ಒಂದು ತಗ್ಗು. ಈ ದಿನವೂ ಬೆಳಗಿನ ಊಟದ ಹೊತ್ತಿಗೆ ಸರಿಯಾಗಿ ಒಂದು ತಗ್ಗು ಇತ್ತು.

“ಏನೇ, ಬೆಳಿಗ್ಗೆ ಒಳಕ್ಕೆ ಯಾರ್ ಹೋಗಿದ್ರು?”

“ಯಾರ್ ಹೋಯ್ತಾರಕ್ಕ, ಜ್ವರಕ್ಕೆ ಕೂತವೆ. ರಾತ್ರಿ ಸುಣ್ಣ ಹಾಕಿ ಬಾಗ್ಲು ಎಳ್ದಿದ್ದು.”

“ಇಲ್ಲಿ ಸೊಪ್ಪು ಹಾಕ್ದಂಗೆ ಐತಲ್ಲ.”

“ಯಾರು, ನಮ್ಮತ್ತೆ ಹಾಕಿದ್ರಾ?”

ಒಳಗಿನಿಂದ ಅತ್ತೆ ಕೂಗಿದರು. “ನಾನ್ಯಾಕೆ ಹಾಕ್ಲಿ. ಮಲಗಿರೋವಕ್ಕೆ ಸೊಪ್ಪು ಹಾಕೋಕೆ ನಂಗೇನ್ ತಲೆ ಕೆಟ್ಟೈತಾ.”

“ಮತ್ತೆ ಅವೇ ಎದ್ದು ಊಟ ಮಾಡ್ಕಂಡು ಮಲಗ್ಬುಟ್ವಾ?” ಅಂದೆ.

ತಂಗಿ ನಕ್ಕಳು. ನಾನು ನಗಲಿಲ್ಲ. ಎರಡು ದಿನದ ಹಿಂದಿನ ಗೆರೆ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಇವತ್ತಿನ ತಗ್ಗು, ಅವತ್ತಿನ ತಗ್ಗು, ಅದರ ಪಕ್ಕದ ಸಣ್ಣ ಅಂಕುಡೊಂಕು ಕೂಡ ಒಂದೇ. ಒಂದೇ ತರಹ ಅಲ್ಲ, ಅದೇ. ಅವತ್ತು ತಂಗಿ ಕಾಗದ ಎತ್ತಿದ್ದು, ಮರೆತ ಚಾಕುವಿಗೆ ಇನ್ನೊಮ್ಮೆ ಬಾಗಿಲು ತೆರೆದದ್ದು, ಎಲ್ಲವೂ ಇವತ್ತು ಮತ್ತೆ ನಡೆದಿತ್ತು. ತಂಗಿ ಮಾತ್ರ ಗೋಡೆಗೆ ಒರಗಿಕೊಂಡು ಕೂತಿದ್ದಳು.

“ಬಾಗ್ಲು ತೆಗಿ,” ಅಂದೆ.

“ಅಕ್ಕ, ಜ್ವರದ ದಿನ ತೆಗೀಬಾರ್ದು.”

“ತೆಗಿ ಅಂದೆ.”

ಅವಳು ನನ್ನ ಮುಖ ನೋಡಿದಳು. ಆ ಬಾಗಿಲ ಹಿಂದೆ ಅವಳ ಹತ್ತಿರ ಉಳಿದಿದ್ದ ಕೊನೆಯ ಅವಕಾಶ ಮಲಗಿತ್ತು, ನನಗೂ ಗೊತ್ತಿತ್ತು. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಇಬ್ಬರೂ ಒಳಗೆ ಹೋದೆವು. ಒಣಗಿರಬೇಕಾದ ಮನೆಯಲ್ಲಿ ಮಂಜಿನ ಯಂತ್ರ ಬುಸುಗುಡುತ್ತಿತ್ತು. ಮೇಲಿನ ಸಾಲಿನ ಟ್ರೇಗಳ ಸುಣ್ಣ ಒದ್ದೆಯಾಗಿ ಅಂಟಂಟಾಗಿತ್ತು. ತೇವ ಇಳಿದಿದೆ ಎಂಬ ಹಳೆಯ ಸುದ್ದಿ ಕೇಳಿಸಿಕೊಂಡು ಯಜಮಾನ ಡಬ್ಬಿ ನೀರು ಉಗುಳಿಸುತ್ತಿತ್ತು.

ತಂಗಿ ಓಡಿಹೋಗಿ ಯಂತ್ರದ ಪ್ಲಗ್ಗು ಕಿತ್ತಳು. ನಾನು ಅಡುಗೆಮನೆಗೆ ಹೋಗಿ ಮುದ್ದೆಯ ಬಿಸಿನೀರಿನ ಪಾತ್ರೆ ತಂದು ಒಂದು ಡಬ್ಬಿಯ ಕೆಳಗೆ ಹಿಡಿದೆ. ಫೋನಿನಲ್ಲಿ ಶಾಖದ ಗೆರೆ ಒಂದು ಕ್ಷಣ ಚಂಗನೆ ಮೇಲಕ್ಕೆ ಹೋಯಿತು, ಮತ್ತೆ ಪಟ್ಟನೆ ಹಳೆಯ ಜಾಗಕ್ಕೆ ಬಂದು ಕೂತಿತು. ಮತ್ತೊಮ್ಮೆ ಹಿಡಿದೆ. ಮತ್ತೆ ಹಾಗೇ. ನಮ್ಮ ಡಬ್ಬಿ ನಿಜ ಹೇಳುತ್ತಿತ್ತು. ಅದರ ಹೆಸರಿನಲ್ಲೇ ಇನ್ನೊಂದು ಏನೋ ಜೋರಾಗಿ, ಪದೇಪದೇ ಸುಳ್ಳು ಕೂಗಿ ಅದರ ಬಾಯಿ ಮುಚ್ಚಿಸುತ್ತಿತ್ತು. ಯಾರೋ ಎರಡು ದಿನದ ಹಿಂದಿನ ಮಾತನ್ನು ಹಿಡಿದಿಟ್ಟುಕೊಂಡು ಇವತ್ತು ಬಿಟ್ಟಿದ್ದರು.

ಹೋದ ಎರಡು ಸಲವೂ ಇದೇ ಆಗಿದೆ ಎಂದು ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ಮಿಕ್ಕ ದಿನ ಒಳಗೆ ಹೋಗಿ ಬರುತ್ತಿರುತ್ತೇವೆ, ಮೋಸ ಕೈಗೆ ತಗಲುತ್ತದೆ. ಜ್ವರದ ದಿನ ಯಾರೂ ಬಾಗಿಲು ತೆರೆಯುವುದಿಲ್ಲ, ಫೋನನ್ನೇ ನಂಬುತ್ತೇವೆ. ಇದನ್ನು ಮಾಡಿದವನಿಗೆ ಚಾಕಿ ಮನೆಯ ರೀತಿ ಚೆನ್ನಾಗಿ ಗೊತ್ತಿತ್ತು.

ಕೋಳಿ ಸಾರು ಒಲೆ ಮೇಲೇ ಉಳಿಯಿತು. ಒದ್ದೆ ಸುಣ್ಣದ ಮೇಲೆ ಒಣ ಸುಣ್ಣ ಹಾಕಿದೆವು, ಮೇಲಿನ ಗವಾಕ್ಷಿ ತೆರೆದೆವು, ಅತ್ತೆ ಬಾಣಲೆಯಲ್ಲಿ ಕೆಂಡ ತಂದು ಬಾಗಿಲ ಹತ್ತಿರ ಇಟ್ಟರು. ಗೋಡೆಯಲ್ಲಿ ಮೊದಲಿನಿಂದಲೂ ತೂಗುತ್ತಿದ್ದ ಗಾಜಿನ ಥರ್ಮಾಮೀಟರಿನ ಧೂಳು ಒರೆಸಿದೆ. ಸಂಜೆ ಹೊತ್ತಿಗೆ ಹಾಸಿಗೆ ಕೈಗೆ ಗರಗರ ಅಂದಿತು. ಹಾಗೆಯೇ ಫೋನಿನ ಸುಳ್ಳೂ ನಿಂತಿತು. ದಿನದ ಕೂಲಿ ಮುಗಿಸಿ ಹೋದ ಹಾಗೆ.

ಊಟಕ್ಕೆ ಕೂತಾಗ ನಾನು ಕೇಳಿದೆ. “ಅತ್ತೆ, ಈ ಡಬ್ಬಿ ಯಾವತ್ತಾದ್ರೂ ಮನೆ ಆಚೆಗೆ ಹೋಗಿತ್ತಾ?”

“ಎಲ್ಲಿಗೆ ಹೋದಾತು ಕಣವ್ವ.” ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, “ಒಂದ್ ಸಲ ಹೋಗಿತ್ತು,” ಅಂದರು.

ತಂಗಿ ತುತ್ತು ಕೈಯಲ್ಲೇ ಹಿಡಿದುಕೊಂಡಳು. “ಎಲ್ಲಿಗತ್ತೆ?”

“ಆಚೆ ಊರಿನ ಗೌಡ್ರ ಮನೆಯೋರು ಚಂದ್ರಿಕೆ ಕೇಳ್ಕಂಡ್ ಬಂದಿದ್ರಲ್ಲ, ಅವಾಗ. ಅದ್ಯಾವ್ದೋ ಭಾಮೈದನಂತೆ, ಕನಕಪುರದಲ್ಲಿ ಮೊಬೈಲ್ ರಿಪೇರಿ ಮಾಡೋನು, ಅವನೂ ಬಂದಿದ್ದ. ‘ಅಮ್ಮ, ಈ ಡಬ್ಬಿ ಒಂದ್ ಕೊಟ್ಟಿರಿ, ನಮ್ ಹುಳುಮನೇಲಿ ಎಷ್ಟ್ ಸೆಕೆ ಐತೆ ನೋಡ್ಕಂಡು ಕೊಡ್ತೀವಿ’ ಅಂದ. ಕೊಟ್ಟೆ.”

“ಕೊಟ್ಟೆ ಅಂತೀರಲ್ಲ ಇಷ್ಟ್ ಸಲೀಸಾಗಿ.”

“ಚಂದ್ರಿಕೆ ಕೊಟ್ಟಂಗೆ ಕೊಟ್ಟೆ. ಹುಳದ ಮನೆಯೋರು ಕೇಳ್ದಾಗ ಇಲ್ಲ ಅನ್ಬಾರ್ದು.”

ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಹುಳು ಹಣ್ಣಾದ ಮೇಲೆ ಯಾರಿಗೂ ಕಾಯುವುದಿಲ್ಲ. ಒಂದು ಚಂದ್ರಿಕೆ ಕಮ್ಮಿಯಾದರೆ ಅಷ್ಟು ಹುಳು ನೆಲದಲ್ಲೇ ನೂಲು ಕಕ್ಕಿ ಹಾಳಾಗುತ್ತವೆ. ಅದಕ್ಕೇ ನಮ್ಮ ಕಡೆ ಕೋರ್ಟಿನಲ್ಲಿ ಎದುರುಬದುರು ನಿಂತವರೂ ಚಂದ್ರಿಕೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ಅತ್ತೆ ಡಬ್ಬಿಯನ್ನೂ ಅದೇ ಸಾಲಿಗೆ ಸೇರಿಸಿದ್ದರು.

“ವಾಪಸ್ ತಂದುಕೊಟ್ಟಾಗ ಸುಮ್ನೆ ತೂಗಾಕ್ನಿಲ್ಲ ಮತ್ತೆ,” ಅಂದರು ಅತ್ತೆ. “ಬೇರೆ ಹುಳುಮನೆ ಪದಾರ್ಥ ಅಂತ ಬ್ಲೀಚಿಂಗ್ ನೀರಲ್ಲಿ ಚೆಂದಾಗಿ ಅದ್ದಿ, ಒರ್ಸಿ, ಬಿಸ್ಲಲ್ಲಿ ಇಟ್ಟು ಆಮೇಲೆ ತೂಗಾಕ್ದೆ.”

“ಸೆನ್ಸರ್ ಅದ್ದಿದ್ರಾ?”

“ಮತ್ತೆ? ರೋಗ ತತ್ತದಲ್ಲ.”

“ಅದ್ಕೇ ಅದು ಒಂದ್ ವಾರ ಮಾತಾಡ್ನಿಲ್ಲ,” ಅಂದಳು ತಂಗಿ. ಆ ದಿನ ನಾವು ಮೂವರೂ ಸೇರಿ ಮೊದಲ ಬಾರಿ ನಕ್ಕದ್ದು ಅಲ್ಲಿ.

ಡಬ್ಬಿಗೆ ಅಂಟಿದ್ದ ರೋಗವನ್ನು ಅತ್ತೆ ತೊಳೆದಿದ್ದರು. ಡಬ್ಬಿಯ ಒಳಗಿನ ಗುಟ್ಟು ಮಾತ್ರ ಆಗಲೇ ಆಚೆ ಹೋಗಿತ್ತು. ಪ್ರತಿ ಡಬ್ಬಿಯ ಹೊಟ್ಟೆಯಲ್ಲೂ ಒಂದು ಕೀ ಇರುತ್ತದೆ. ‘ನಾನು ಈ ಮನೆಯವನೇ’ ಎಂದು ಯಜಮಾನ ಡಬ್ಬಿಗೆ ತೋರಿಸಲು ಅದು ಗುರುತು. ಮನೆಗೆ ಸೆನ್ಸರ್ ಹಾಕಿಕೊಟ್ಟವರು ಎಲ್ಲ ಡಬ್ಬಿಗೂ ಒಂದೇ ಕೀ ತುಂಬಿ ಹೋಗಿದ್ದರು. ಒಂದು ಡಬ್ಬಿ ಬಿಚ್ಚಿದವನಿಗೆ ಇಡೀ ಮನೆಯ ಬಾಗಿಲು ತೆರೆದ ಹಾಗೆ. ಅವನು ಅದೇ ಕೀ ಹಾಕಿ ಇನ್ನೊಂದು ಕಳ್ಳ ಡಬ್ಬಿ ಮಾಡಿ, ಇಲ್ಲೇ ಎಲ್ಲೋ ಹತ್ತಿರ ಬಚ್ಚಿಟ್ಟಿದ್ದಾನೆ. ಇಂಥ ಸಣ್ಣ ಡಬ್ಬಿಯ ಧ್ವನಿ ದೂರಕ್ಕೆ ಕೇಳುವುದಿಲ್ಲ.

ತಂಗಿ ಎದ್ದು ನಿಂತಳು. “ಈಗ್ಲೇ ಓಯ್ತೀನಿ ಗೌಡ್ರ ಮನೆಗೆ.”

“ಹೋಗಿ ಏನಂತೀಯಾ? ಗೆರೇಲಿ ಹಲ್ಲು ಕಚ್ಚಿದ ಗುರುತೈತೆ ಅಂತೀಯಾ? ಕೂತ್ಕೊ. ಎರಡನೇ ಜ್ವರಕ್ಕೆ ಅವನು ಮತ್ತೆ ಬತ್ತಾನೆ. ಬರ್ಲಿ.”

ಫ್ಯಾಕ್ಟರಿಗೆ ರಜೆ ಹಾಕಿದೆ. ಎಲ್ಲ ಡಬ್ಬಿ ಬಿಚ್ಚಿ, ಪ್ರತಿಯೊಂದಕ್ಕೂ ಬೇರೆಬೇರೆ ಕೀ ತುಂಬಿದೆ. ಒಂದು ಕಳೆದರೆ ಅದೊಂದೇ ಹೋಗಬೇಕು, ಮನೆ ಹೋಗಬಾರದು. ಇನ್ನು ಮುಂದೆ ಡಬ್ಬಿಗಳು ಆಡುವ ಪ್ರತಿ ಮಾತಿಗೂ ಒಂದು ಸರಣಿ ಸಂಖ್ಯೆ. ಒಮ್ಮೆ ಕೇಳಿದ ಸಂಖ್ಯೆ ಮತ್ತೆ ಬಂದರೆ ಯಜಮಾನ ಡಬ್ಬಿ ಅದನ್ನು ಕಸಕ್ಕೆ ಎಸೆಯಬೇಕು. ಮೊನ್ನೆಯ ಮಾತು ಇವತ್ತು ನಡೆಯಬಾರದು. ಇಷ್ಟು ಯಾವ ಇಂಜಿನಿಯರಿಂಗ್ ಪುಸ್ತಕದಲ್ಲಾದರೂ ಸಿಗುತ್ತದೆ. ಕೊನೆಗೆ ಪುಸ್ತಕದಲ್ಲಿ ಸಿಗದ ಒಂದನ್ನು ಸೇರಿಸಿದೆ: ಜ್ವರದ ದಿನ ಊಟದ ತಗ್ಗು ಕಂಡರೆ ಯಂತ್ರ ಹಾಕಬೇಡ, ಫೋನು ಬಾರಿಸು.

ಆಮೇಲೆ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಗೊಂಬೆಯ ಸಾಬರು ಚಕ್ರ ನಿಲ್ಲಿಸಿ ಕೇಳಿಸಿಕೊಂಡರು.

“ಮುಚ್ಚಳ ಯಾರಾದರೂ ಬಿಚ್ಚಿದರೆ ಗೊತ್ತಾಗಬೇಕು ಅಣ್ಣ.”

“ಮೊಳೆ ಹೊಡೀಲಾ?”

“ಮೊಳೆ ಕಿತ್ತು ಮತ್ತೆ ಹೊಡೀಬೌದಲ್ಲ.”

ಅವರು ಎರಡು ಬಣ್ಣದ ಅರಗು ಕಾಯಿಸಿ ಹದವಾಗಿ ಕಲಸಿ, ಮುಚ್ಚಳದ ಸಂದಿಯ ಸುತ್ತ ಬಳೆ ಹಾಗೆ ಎಳೆದರು. ಒಂದೊಂದು ಡಬ್ಬಿಗೆ ಒಂದೊಂದು ಕಲಸು. ಒಂದರಲ್ಲಿ ಹಳದಿ ಎಳೆ ಹೀಗೆ ಸುತ್ತಿದರೆ ಇನ್ನೊಂದರಲ್ಲಿ ಹಾಗೆ.

“ಇದು ಒಡೆದರೆ ಮತ್ತೆ ಸೇರಿಸಬೌದು. ಆದರೆ ಈ ಎಳೆ ಮತ್ತೆ ಬರಲ್ಲ. ನನಗೇ ಬರಲ್ಲ, ಅವನಿಗೆ ಎಲ್ಲಿ ಬರ್ತದೆ,” ಅಂದರು. ಫೋನಿನಲ್ಲಿ ಒಂದೊಂದು ಡಬ್ಬಿಯ ಫೋಟೋ ತೆಗೆದುಕೊಂಡೆ. ಬರುವಾಗ ನನ್ನ ಕೈಗೆ ಒಂದು ಬುಗುರಿಯನ್ನೂ ಕೊಟ್ಟರು. “ಇದರಲ್ಲಿ ಸೆನ್ಸರ್ ಇಲ್ಲಮ್ಮ, ಆಡ್ಕಳಿ.”

ಡಬ್ಬಿಗಳು ವಾಪಸ್ ತೂಗಿದವು. ಹುಳು ಎದ್ದು, ಉಂಡು, ದುಂಡಗಾಗಿ, ಎರಡನೇ ಜ್ವರಕ್ಕೆ ಕೂತವು. ಸುಣ್ಣ ಹಾಕಿ ಬಾಗಿಲು ಎಳೆದೆವು. ಬೆಳಗಿನ ಊಟದ ಹೊತ್ತಿಗೆ ನಾವು ಮೂವರೂ ಜಗಲಿಯಲ್ಲಿ ಫೋನಿನ ಸುತ್ತ ಕೂತಿದ್ದೆವು, ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೆ ಕಾದ ಹಾಗೆ.

ಬಂದ. ಫೋನು ಬಡಿದುಕೊಂಡಿತು. ಪರದೆಯ ಮೇಲೆ ‘ಗುರುತಿಲ್ಲದ ಮಾತು, ಎಸೆಯಲಾಗಿದೆ’ ಎಂದು ಮೂಡಿತು. ಮತ್ತೆ ಬಂತು, ಮತ್ತೆ ಎಸೆಯಿತು. ಗೆರೆ ಮಾತ್ರ ನೆಟ್ಟಗೆ ಮಲಗಿತ್ತು, ಒಳಗಿನ ಹುಳುಗಳ ಹಾಗೆಯೇ. ಮಂಜಿನ ಯಂತ್ರ ಉಸಿರೆತ್ತಲಿಲ್ಲ.

“ಬಾಗ್ಲಲ್ಲಿ ನಿಂತ್ಕಂಡು ಕೂಗ್ತಾವ್ನೆ ಅನ್ನು,” ಅಂದರು ಅತ್ತೆ.

“ಕಾಲು ಅದ್ದದೆ ಬಂದವ್ನೆ ಅತ್ತೆ, ಒಳಗ್ ಬಿಡ್ತಿಲ್ಲ,” ಅಂದೆ.

ಫ್ಯಾಕ್ಟರಿಯಲ್ಲಿ ಬಳಸುವಂಥ ಒಂದು ಸಣ್ಣ ರಿಸೀವರನ್ನು ಈ ಬಾರಿ ಬ್ಯಾಗಿನಲ್ಲಿ ತಂದಿದ್ದೆ. ಅದನ್ನು ಫೋನಿಗೆ ಸಿಕ್ಕಿಸಿಕೊಂಡು ಹೊರಟೆ. ಧ್ವನಿ ಎತ್ತ ಜೋರೋ ಅತ್ತ ನಡೆಯುವುದು, ಅಷ್ಟೇ ವಿದ್ಯೆ. ಮುಂದಿನ ರಸ್ತೆಗೆ ಹೋದರೆ ಸಣ್ಣದಾಯಿತು. ಹಿಪ್ಪುನೇರಳೆ ತೋಟದ ಕಡೆ ಇನ್ನೂ ಸಣ್ಣದಾಯಿತು. ಮನೆಯ ಹಿಂದಕ್ಕೆ ಬಂದೆ, ಗೆರೆ ತುದಿಗೆ ಹತ್ತಿತು. ಹಿಂದಿನ ಗೋ‌ಡೆಗೆ ಚಂದ್ರಿಕೆಗಳು ಒಂದರ ಮೇಲೊಂದು ಒರಗಿದ್ದವು. ಈ ಮೂರು ಸಲವೂ ಸೊಪ್ಪೆಲ್ಲ ಚಾಕಿಗೇ ಬೇಕಾಗಿ ಅತ್ತೆ ದೊಡ್ಡ ಹುಳು ಸಾಕಿರಲಿಲ್ಲ, ಹಾಗಾಗಿ ಅವನ್ನು ಯಾರೂ ಮುಟ್ಟಿರಲಿಲ್ಲ.

ಒಂದೊಂದೇ ಸರಿಸಿದೆವು. ಗೋಡೆಗೆ ಅಂಟಿದ್ದ ಕೊನೆಯದರ ಹಿಂದೆ, ಬಿದಿರಿನ ಸುರುಳಿಗೆ ಸೇರಿಸಿ ಕಟ್ಟಿದ್ದ ಒಂದು ಕಪ್ಪು ಡಬ್ಬಿ. ದಪ್ಪ ಬ್ಯಾಟರಿ, ಒಂದು ಸಿಮ್. ಅಂದರೆ ಕನಕಪುರದ ಅಂಗಡಿಯಲ್ಲಿ ಕೂತೇ ಇದನ್ನು ಎಬ್ಬಿಸಬಹುದು, ಮಲಗಿಸಬಹುದು.

ಅತ್ತೆ ಚಂದ್ರಿಕೆಯ ಮೂಲೆಯ ನೀಲಿ ಗುರುತು ಸವರಿದರು. ನಮ್ಮ ಮನೆಯ ಗುರುತೇ. “ಈ ಸಾಲು ಗೌಡ್ರ ಮನೆಗೆ ಹೋಗ್ ಬಂದದ್ದು ಕಣವ್ವ. ತಂದೋರು ತಾವೇ ಇಲ್ಲಿ ಒರಗ್ಸಿದ್ರು. ‘ನೀವ್ಯಾಕೆ ತ್ರಾಸ ತಕ್ಕತೀರಮ್ಮ, ಇಲ್ಲಿ ಬಿಸ್ಲು ಚೆಂದಾಗಿ ಬೀಳ್ತದೆ’ ಅಂದ್ರು. ಎಂಥ ಒಳ್ಳೆ ಜನ ಅಂದ್ಕಂಡಿದ್ದೆ.”

ಗೌಡರಿಗೆ ಹುಳು ಗೊತ್ತಿತ್ತು, ಡಬ್ಬಿ ಗೊತ್ತಿರಲಿಲ್ಲ. ಯಾವ ದಿನ ಬಾಗಿಲು ತೆರೆಯುವುದಿಲ್ಲ ಎಂದು ಭಾಮೈದನಿಗೆ ಹೇಳಿಕೊಟ್ಟಿದ್ದರು. ಭಾಮೈದನಿಗೆ ಡಬ್ಬಿ ಗೊತ್ತಿತ್ತು, ಹುಳು ಗೊತ್ತಿರಲಿಲ್ಲ. ಅವನು ಸೊಪ್ಪು ತಿನ್ನುವ ದಿನವನ್ನು ತಂದು ಉಪವಾಸದ ದಿನಕ್ಕೆ ಅಂಟಿಸಿದ್ದ. ನಾನು ಎರಡೂ ಗೊತ್ತಿರುವ ಮನೆಯವಳು ಎಂಬುದನ್ನು ಇಬ್ಬರೂ ಮರೆತಿದ್ದರು.

ತಂಗಿ ಸಿಮ್ ತೆಗೆದು ಅರಿಶಿನದ ಡಬ್ಬಿಗೆ ಹಾಕಿಕೊಂಡಳು.

ಹುಳು ಕೊಡುವ ದಿನ ಬೆಳಿಗ್ಗೆ ಕಬ್ಬಾಳು ಕಡೆಯವರೆಲ್ಲ ಟೆಂಪೋ ಮಾಡಿಕೊಂಡು ಬಂದರು. ಆ ಹಿರಿಯರು ಮೊದಲು ಕಾಲು ಅದ್ದಿ ಒಳಗೆ ಬಂದರು. ಒಂದು ಟ್ರೇ ಎಳೆದು ಮೇಣದ ಕಾಗದ ಎತ್ತಿದರು. ಬಗ್ಗಿದರು. ಇನ್ನೊಂದು ಎಳೆದರು. ಕೆಳಗಿನ ಸಾಲು, ಮೇಲಿನ ಸಾಲು, ಮೂಲೆ, ಒಂದನ್ನೂ ಬಿಡಲಿಲ್ಲ. ತಂಗಿ ಬಾಗಿಲಿಗೆ ಒರಗಿ ನಿಂತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು.

“ಒಂದೇ ಸಮ ಎದ್ದವೆ,” ಅಂದರು ಹಿರಿಯರು. ಇನ್ನೊಮ್ಮೆ ಬಗ್ಗಿ ನೋಡಿ, “ಒಂದಾದ್ರೂ ಮಲಗಿಲ್ವಲ್ಲವ್ವ. ಮಕ್ಳು ಇಸ್ಕೂಲಲ್ಲಿ ಸಾಲಾಗಿ ನಿಂತಂಗವೆ,” ಅಂದರು.

“ಮೂರನೇ ಸಲಕ್ಕೆ ಏನ್ ಯೋಳ್ಬೇಕು ಅಂತ ಯೋಚ್ನೆ ಮಾಡಿದ್ದೆ ಯಜಮಾನ್ರೇ. ಮರ್ತೋಯ್ತು,” ಅಂದಳು ತಂಗಿ.

ಎಲ್ಲರೂ ಟ್ರೇ ಎತ್ತುತ್ತಿರುವಾಗಲೇ ಅಂಗಳಕ್ಕೆ ಇನ್ನೊಂದು ಗಾಡಿ ಬಂದು ನಿಂತಿತು. ಆಚೆ ಊರಿನ ಗೌಡರು. ನಮ್ಮ ಹುಳು ಏನಾಯಿತು ಎಂದು ನೋಡಲು ಬಂದರೋ ಏನೋ, ಬಾಯಲ್ಲಿ ಹೇಳಿದ್ದು ಮಾತ್ರ ಬೇರೆ.

“ಅಮ್ಮ, ನಮ್ ಮನೆ ಹುಳ ಹಣ್ಣಾಗ್ಬುಟ್ಟವೆ. ಒಸಿ ಚಂದ್ರಿಕೆ ಬೇಕಾಗಿತ್ತು.”

ತಂಗಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು.

“ಅದ್ಕೇನು ಗೌಡ್ರೇ. ಚಂದ್ರಿಕೆ ಕೇಳ್ದೋರಿಗೆ ಈ ಮನೇಲಿ ಇಲ್ಲ ಅಂದಿಲ್ಲ. ತಕ್ಕಂಡೋಗಿ.”

ತಾವೇ ಹಿಂದಕ್ಕೆ ಹೋಗಿ ಮೊದಲ ಚಂದ್ರಿಕೆ ಎತ್ತಿಕೊಂಡು ಬಂದು ಗಾಡಿಗೆ ಒರಗಿಸಿದರು. ಅದರ ಬೆನ್ನಿಗೆ ಆ ಕಪ್ಪು ಡಬ್ಬಿ, ಇದ್ದ ಹಾಗೆಯೇ ಕಟ್ಟಿತ್ತು, ಮುಖ ಆಚೆಗೆ.

“ನಿಮ್ ಪದಾರ್ಥ ಒಂದು ನಮ್ಮತ್ರ ಉಳ್ಕಂಡಿತ್ತು. ಅದ್ನೂ ಕಟ್ಟಿವ್ನಿ. ಬ್ಲೀಚಿಂಗ್ ನೀರಲ್ಲಿ ಅದ್ದಿವ್ನಿ, ಭಯ ಬೀಳ್ಬ್ಯಾಡಿ.”

ಹಿರಿಯರು ಟ್ರೇ ಕೆಳಗಿಟ್ಟು ಹತ್ತಿರ ಬಂದರು. “ಏನ್ಲಾ ಇದು ಗೌಡ?”

“ನಂಗೇನ್ ಗೊತ್ತು, ಅದು ನನ್ ಭಾಮೈದಂದು,” ಅಂದುಬಿಟ್ಟರು ಗೌಡರು. ಭಾಮೈದನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

“ಸಿಮ್ ಒಂದ್ ನಮ್ಮತ್ರ ಇರ್ಲಿ ಅಣ್ಣ,” ಅಂದಳು ತಂಗಿ, ಮೆಲ್ಲಗೆ. “ಮುಂದಿನ ಜ್ವರದಲ್ಲಿ ನಮ್ ಹುಳ ಎದ್ದು ಊಟ ಕೇಳಿದ್ರೆ ಸ್ಟೇಷನ್‌ಗೆ ಬೇಕಾಯ್ತದೆ.”

ಹೋದ ಎರಡು ಸಲ ಏನಾಯಿತು ಎಂಬುದನ್ನು ನಾನು ಅಂಗಳದಲ್ಲೇ ನಿಂತು ಎಲ್ಲರಿಗೂ ಬಿಡಿಸಿ ಹೇಳಿದೆ, ಫೋನಿನಲ್ಲಿ ಎರಡು ಗೆರೆ ಪಕ್ಕಪಕ್ಕ ಇಟ್ಟು. ಸೆನ್ಸರ್, ಕೀ ಎಂದಾಗ ಅವರಿಗೆ ಅರ್ಧ ಅರ್ಥವಾಯಿತು. ಜ್ವರದ ದಿನ ಹುಳು ಊಟ ಮಾಡಿದ ಲೆಕ್ಕ ತೋರಿಸಿದಾಗ ಪೂರ್ತಿ ಅರ್ಥವಾಯಿತು. ಒಬ್ಬರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಆಮೇಲೆ ಎಲ್ಲರೂ. ಗೌಡರು ಮೋರೆ ತಗ್ಗಿಸಿಕೊಂಡು ಚಂದ್ರಿಕೆ ಏರಿಸಿದರು. ಹುಳು ಹಣ್ಣಾಗಿದ್ದದ್ದು ನಿಜ; ಬಿಟ್ಟು ಹೋಗುವ ಹಾಗಿರಲಿಲ್ಲ. ನಾವೂ ಒಂದು ಕೈ ಹಾಕಿ ಏರಿಸಿಕೊಟ್ಟೆವು.

ಕಬ್ಬಾಳು ಕಡೆಗೆ ಹೋದ ನಮ್ಮ ಹುಳುಗಳು ರಾಮನಗರದ ಮಾರುಕಟ್ಟೆಗೆ ಬೆಳ್ಳಗಿನ ಗಟ್ಟಿ ಗೂಡಾಗಿ ಹೋದವು. ಕಬ್ಬಾಳು ಕಡೆಯವರು ಆಚೆ ಊರಿಗೆ ಹೋಗಲಿಲ್ಲ. ಬದಲಿಗೆ ಮಾಗಡಿ ಕಡೆಯ ನೆಂಟರನ್ನೂ ಕರೆದುಕೊಂಡು ಬಂದರು. ತಂಗಿ ಇನ್ನೊಂದು ಕೋಣೆ ಎಬ್ಬಿಸಿದ್ದಾಳೆ.

ಹೊಸ ಕೋಣೆಗೆ ಹಾಕಲು ಮೊನ್ನೆ ಮಾದರಿಗೆಂದು ಹಳೆಯ ಡಬ್ಬಿ ಒಂದನ್ನು ಮೊಳೆಯಿಂದ ಇಳಿಸಿ ಬ್ಯಾಗಿಗೆ ಹಾಕಿಕೊಂಡೆ. ಹೊಸ್ತಿಲು ದಾಟಿರಲಿಲ್ಲ, ಅತ್ತೆ ಅಡ್ಡ ನಿಂತರು.

“ಎಲ್ಲಿಗೆ ಕಣವ್ವ?”

“ಫ್ಯಾಕ್ಟರಿಗೆ ಅತ್ತೆ. ನಾನೇ ಮಾಡ್ಸಿದ್ದಲ್ವಾ.”

“ನೀನಾದ್ರೇನು. ಚಂದ್ರಿಕೆ ಬೇಕಾದ್ರೆ ಕೊಡ್ತೀನಿ, ತಕ್ಕೊ.” ಬ್ಯಾಗಿನಿಂದ ಡಬ್ಬಿ ತೆಗೆದುಕೊಂಡರು, ಕನ್ನಡಕ ಮೂಗಿಗೆ ಏರಿಸಿಕೊಂಡು ಅರಗಿನ ಬಳೆಯನ್ನು ಸುತ್ತ ತಿರುಗಿಸಿ ನೋಡಿದರು. ಹಳದಿ ಎಳೆ ಎಲ್ಲಿತ್ತೋ ಅಲ್ಲೇ ಇತ್ತು. “ಒಡ್ದಿಲ್ಲ,” ಅಂದು, ಒಳಗೆ ತೆಗೆದುಕೊಂಡು ಹೋಗಿ ಅದರ ಮೊಳೆಗೇ ತೂಗು ಹಾಕಿ ಬಂದರು. ಹೋಗುವಾಗಲೂ ಕಾಲು ಅದ್ದಿದರು, ಬರುವಾಗಲೂ ಅದ್ದಿದರು.